ಕೊಯ್ಲಿನ ಮಧ್ಯೆ ಬಂದ ಕ್ಯಾನ್ಸರ್: ಉತ್ತರ ಕೊಡಗಿನ ಒಂದು ಮನೆಯ ಪ್ರಕರಣ ಅಧ್ಯಯನ

ಇದು ಸುಂಟಿಕೊಪ್ಪ–ಮಾದಾಪುರ ಕಡೆಯ ಒಂದು ಮನೆಯಲ್ಲಿ ನಡೆದದ್ದು. ಕಾಯಿಲೆ ಬಂದವರಿಗೆ 61 ವರ್ಷ. ಊರಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಅಂತ ಕರೆಯುತ್ತಾರೆ, ಇಲ್ಲೂ ಹಾಗೇ ಕರೆಯುತ್ತೇನೆ. ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಬೆಳೆ ಸಾಲ, ಚಿನ್ನದ ಸಾಲ, ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಎಲ್ಲ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಹಾಗಾಗಿ ಮನೆಯಲ್ಲಿ ದೊಡ್ಡ ಕಾಯಿಲೆ ಬಂತು ಅಂದರೆ ಜನ ಆಸ್ಪತ್ರೆಗಿಂತ ಮೊದಲು ನಮ್ಮ ಸಂಘದ ಬಾಗಿಲಿಗೆ ಬರುತ್ತಾರೆ.

ಬರೆಯೋಕೆ ಕಾರಣ ಒಂದೇ. ದೊಡ್ಡಮ್ಮನ ಚಿಕಿತ್ಸೆಗೆ ದಾರಿ ಇತ್ತು, ದುಡ್ಡಿಗೂ ದಾರಿ ಇತ್ತು. ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಅನ್ನುವುದು ಗೊತ್ತಿಲ್ಲದೆ ಆ ಮನೆ ದೊಡ್ಡ ಸಾಲಕ್ಕೆ ಬೀಳುವುದರಲ್ಲಿತ್ತು. ಕೊಡಗಿನಲ್ಲಿ ಇಂಥ ಮನೆ ಅದೊಂದೇ ಅಲ್ಲ.

ಗಾಯ

ದೊಡ್ಡಮ್ಮ ಚಿಕ್ಕ ಹುಡುಗಿಯಾಗಿದ್ದಾಗ ಬಚ್ಚಲ ಹಂಡೆಯ ಕುದಿನೀರು ಎಡಗಾಲಿನ ಮೇಲೆ ಚೆಲ್ಲಿತ್ತು. ಮೊಣಕಾಲಿನ ಕೆಳಗೆ ಚರ್ಮ ಮುದುಡಿ, ಹೊಳೆಯುವ ದೊಡ್ಡ ಕಲೆ ಉಳಿದುಕೊಂಡಿತ್ತು. ಸುಮಾರು ಐವತ್ತು ವರ್ಷ ಅದು ಏನೂ ತೊಂದರೆ ಕೊಡಲಿಲ್ಲ. 2023ರ ಮಳೆಗಾಲದಲ್ಲಿ ಕಲೆಯ ನಡುವೆ ತುರಿಕೆ ಶುರುವಾಯಿತು, ಆಮೇಲೆ ಒಂದು ಪುಟ್ಟ ಹುಣ್ಣು ಎದ್ದಿತು. ಜೂನ್ ಜುಲೈನಲ್ಲಿ ತೋಟಕ್ಕೆ ಇಳಿದರೆ ಜಿಗಣೆ ಬಿಡುತ್ತಾ? ಜಿಗಣೆ ಕಚ್ಚಿದ ಜಾಗವನ್ನು ಕೆರೆದು ಗಾಯ ಮಾಡಿಕೊಂಡಿದ್ದಾರೆ ಅಂತ ಮನೆಯವರು ಅಂದುಕೊಂಡರು. ದೊಡ್ಡಮ್ಮನೂ ಹಾಗೇ ಅಂದುಕೊಂಡರು.

ಅರಿಶಿನ ಹಚ್ಚಿದರು. ಮೆಡಿಕಲ್ ಶಾಪಿನ ಮುಲಾಮು ತಂದರು. ನಾಟಿ ಔಷಧಿಯ ಎಲೆ ಕಟ್ಟಿದರು. ಅವರಿಗೆ ಸ್ವಲ್ಪ ಶುಗರ್ ಇತ್ತು, ಹಾಗಾಗಿ ನೋಡಿದವರೆಲ್ಲ ಶುಗರ್ ಗಾಯ ಅಂತ ಹೇಳಿ ಮಾತ್ರೆ ಬರೆದರು. ಒಂದೊಂದು ಸಲ ಮೇಲ್ಪದರ ಒಣಗಿದಂತೆ ಕಾಣುತ್ತಿತ್ತು. ತಿಂಗಳು ಕಳೆಯುವುದರೊಳಗೆ ಮತ್ತೆ ಕೀವು, ಮತ್ತೆ ರಕ್ತ. ಹೀಗೇ ಎರಡು ಮಳೆಗಾಲ ಕಳೆದವು.

2025ರ ಫೆಬ್ರವರಿಯಲ್ಲಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್ ಒಬ್ಬರು ಬಟ್ಟೆ ಬಿಚ್ಚಿದವರೇ ಡಾಕ್ಟರನ್ನು ಕರೆದರು. ಮಾಯುವ ಗಾಯದ ಅಂಚು ಇಳಿಜಾರಾಗಿ ಒಳಗಿನ ಮಾಂಸಕ್ಕೆ ಕೂಡಿಕೊಳ್ಳುತ್ತದೆ. ಇಲ್ಲಿ ಅಂಚು ದಪ್ಪಗೆ ಹೊರಳಿ ಮೇಲೆದ್ದಿತ್ತು. ಒತ್ತಿದರೆ ಗಟ್ಟಿ. ಹತ್ತಿ ತಾಗಿದರೆ ಸಾಕು, ರಕ್ತ. ನಡುವಿನ ಮಾಂಸ ಹೂಕೋಸಿನ ಹಾಗೆ ತರಿತರಿಯಾಗಿತ್ತು, ವಾಸನೆಯೂ ಇತ್ತು. ಡಾಕ್ಟರ್ ಕೈಗವಸು ಹಾಕಿಕೊಂಡು ಅಂಚಿನ ಸುತ್ತ ಬೆರಳಾಡಿಸಿ ನೋಡಿದರು, ತೊಡೆಯ ಸಂದಿನಲ್ಲಿ ಗಂಟು ಇದೆಯಾ ಅಂತ ಮುಟ್ಟಿ ನೋಡಿದರು. “ಅಮ್ಮಾ, ಈ ಗಾಯ ಮಾಯ್ತಾ ಇಲ್ಲ, ಬೆಳೀತಾ ಇದೆ” ಅಂದರು. ಮಡಿಕೇರಿಗೆ ಚೀಟಿ ಬರೆದುಕೊಟ್ಟರು.

ಹಳೆಯ ಸುಟ್ಟ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಗಾಯದಲ್ಲಿ ಹುಟ್ಟುವ ಈ ಕ್ಯಾನ್ಸರಿಗೆ ಮಾರ್ಜೊಲಿನ್ ಹುಣ್ಣು ಅನ್ನುತ್ತಾರೆ. 1828ರಲ್ಲಿ ಕಲೆಗಳ ಮೇಲೆ ಏಳುವ ಇಂಥ ಹುಣ್ಣುಗಳ ಬಗ್ಗೆ ಬರೆದ ಫ್ರಾನ್ಸಿನ ಸರ್ಜನ್ ಹೆಸರದು. ಹೆಚ್ಚಿನವು ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಅನ್ನುವ ಚರ್ಮದ ಕ್ಯಾನ್ಸರಿನ ಬಗೆಯವು. ಸುಟ್ಟಿದ್ದಕ್ಕೂ ಕ್ಯಾನ್ಸರ್ ಕಾಣಿಸುವುದಕ್ಕೂ ನಡುವೆ ದಶಕಗಳೇ ಕಳೆದಿರುತ್ತವೆ, ಹಾಗಾಗಿ ಯಾರೂ ಒಂದಕ್ಕೊಂದು ಗಂಟು ಹಾಕುವುದಿಲ್ಲ. ಚರ್ಮದ ಕ್ಯಾನ್ಸರ್ ಬಿಳಿಯರಿಗೆ, ಬಿಸಿಲಿಗೆ ಸುಟ್ಟವರಿಗೆ ಬರುವಂಥದ್ದು, ನಮ್ಮ ಮೈಬಣ್ಣಕ್ಕೆ ಬರಲ್ಲ ಅನ್ನುವ ಮಾತನ್ನು ನಾನೂ ಬಹಳ ಕೇಳಿದ್ದೇನೆ. ನಮ್ಮಲ್ಲಿ ಅದು ಕಡಿಮೆ ಅನ್ನುವುದು ನಿಜ, ಬರಲ್ಲ ಅನ್ನುವುದು ಸುಳ್ಳು. ಬಿಸಿಲು ತಾಗದ ಜಾಗದಲ್ಲೂ ಬರುತ್ತದೆ: ಹಳೆಯ ಕಲೆ, ಅಂಗಾಲು, ಅಂಗೈ, ಉಗುರಿನ ಬುಡ. ಗಂಬೂಟಿನೊಳಗೆ ದಿನವಿಡೀ ಕಾಲು ಇಟ್ಟುಕೊಂಡು ದುಡಿಯುವ ನಮ್ಮ ಜನ ಅಂಗಾಲು ತಿರುಗಿಸಿ ನೋಡಿಕೊಳ್ಳುವುದು ಯಾವಾಗ?

ಪೀಸ್ ಟೆಸ್ಟ್

ಮಡಿಕೇರಿಗೆ ಹೋಗಲು ದೊಡ್ಡಮ್ಮ ಒಪ್ಪಲಿಲ್ಲ. “ಕಾಫಿ ಕುಯ್ಯೋದು ಮುಗೀಲಿ ಕಣಮ್ಮ, ಆಮೇಲೆ ಹೋದ್ರಾಯ್ತು” ಅಂದರು. ಫೆಬ್ರವರಿ ಅಂದರೆ ರೊಬಸ್ಟಾ ಕೊಯ್ಲಿನ ಕಾಲ. ಆಳು ಸಿಗುವುದು ಕಷ್ಟ. ಒಂದೂವರೆ ಎಕರೆ ತೋಟ, ಕಣದಲ್ಲಿ ಒಣಗುತ್ತಿರುವ ಕಾಫಿ, ಕೆದಕೋಕೆ ಒಬ್ಬರು ಬೇಕು. ಅದು ಮುಗಿದರೆ ಮೆಣಸು. ಮೆಣಸು ಮುಗಿದರೆ ಕಾಫಿ ಹೂ ಅರಳಿಸುವ ಹೂಮಳೆ, ಸ್ಪ್ರಿಂಕ್ಲರ್. ತೋಟದ ಕೆಲಸ ಮುಗಿಯುವುದು ಅಂತ ಒಂದು ದಿನ ಇದೆಯಾ? ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಬಲಿಯುವುದೇ ಈ ಮಾತಿನ ಹಿಂದೆ. ದುಡ್ಡಿಲ್ಲ ಅನ್ನುವುದಕ್ಕಿಂತ ಕೊಯ್ಲಿದೆ ಅನ್ನುವ ಮಾತೇ ನನಗೆ ಜಾಸ್ತಿ ಕೇಳಿಸಿದೆ.

ಇನ್ನೊಂದು ಹೆದರಿಕೆ ಅಕ್ಕಪಕ್ಕದವರು ಹುಟ್ಟಿಸಿದ್ದು. ಪೀಸ್ ಟೆಸ್ಟಿಗೆ, ಅಂದರೆ ಬಯಾಪ್ಸಿಗೆ, ತುಂಡು ತೆಗೆದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಅಂತ. ಇದು ಸುಳ್ಳು. ತುಂಡು ತೆಗೆದು ನೋಡದೆ ಯಾವ ಡಾಕ್ಟರೂ ಇದು ಏನು ಅಂತ ಗಟ್ಟಿಯಾಗಿ ಹೇಳಲಾರರು, ಯಾವ ಯೋಜನೆಯೂ ಕ್ಯಾನ್ಸರ್ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ. ಚಿಕಿತ್ಸೆಗೂ ದುಡ್ಡಿಗೂ ಬೀಗದ ಕೈ ಆ ಒಂದು ಹಾಳೆಯ ರಿಪೋರ್ಟು.

ಕೊನೆಗೆ ಆಶಾ ಕಾರ್ಯಕರ್ತೆ ಬಂದು ಕೂತು ಒಪ್ಪಿಸಿದರು. ಮಡಿಕೇರಿಯ ಜಿಲ್ಲಾಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದೆ. ಮೆಡಿಕಲ್ ಕಾಲೇಜು 2016ರಲ್ಲಿ ಶುರುವಾದ ಮೇಲೆ ಸರ್ಜರಿ, ಚರ್ಮರೋಗ, ಪೆಥಾಲಜಿ ವಿಭಾಗಗಳು ಜಿಲ್ಲೆಯೊಳಗೇ ಇವೆ. ಕಾಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಂಚಿನಲ್ಲಿ ಬೇರೆ ಬೇರೆ ಕಡೆಯಿಂದ ಸಣ್ಣ ಸಣ್ಣ ತುಂಡು ತೆಗೆದರು. ನಡುವಿನಿಂದ ತೆಗೆದರೆ ಸತ್ತ ಮಾಂಸವೇ ಬಂದು ರಿಪೋರ್ಟ್ ತಪ್ಪುವ ಸಾಧ್ಯತೆ ಇರುತ್ತದಂತೆ. ಫಾರ್ಮಲಿನ್ ತುಂಬಿದ ಪುಟ್ಟ ಡಬ್ಬಿಯಲ್ಲಿ ಹಾಕಿ ಪೆಥಾಲಜಿಗೆ ಕಳಿಸಿದರು. ಅದೇ ಸಂಜೆ ದೊಡ್ಡಮ್ಮ ಮನೆಗೆ ಬಂದು ಕಣದ ಹತ್ತಿರ ಕೂತಿದ್ದರು. ಕೆಲವು ದಿನಕ್ಕೆ ರಿಪೋರ್ಟ್ ಬಂತು: ಸ್ಕ್ವೇಮಸ್ ಸೆಲ್ ಕಾರ್ಸಿನೋಮ.

ಎರಡೂವರೆ ಲಕ್ಷ

ರಿಪೋರ್ಟ್ ಕೈಗೆ ಬಂದ ಮೇಲೆ ಚಿಕ್ಕ ಮಗನಿಗೆ ಕೈಕಾಲು ಆಡಲಿಲ್ಲ. ಯಾರೋ ಹೇಳಿದರು ಅಂತ ಜಿಲ್ಲೆಯ ಹೊರಗಿನ ಒಂದು ಖಾಸಗಿ ಆಸ್ಪತ್ರೆಗೆ ನೇರ ಕರೆದುಕೊಂಡು ಹೋದ. ಅಲ್ಲಿ ಅಂದಾಜು 2.5 ಲಕ್ಷ ಅಂದರು. ಮುಂಗಡ ಕಟ್ಟಿದರೆ ಮರುದಿನವೇ ದಾಖಲು. ಅವನು ವಾಪಸ್ ಬಂದು, ಕಣದಲ್ಲಿದ್ದ ಕಾಫಿಯನ್ನು ಒಣಗುವ ಮುಂಚೆಯೇ ವ್ಯಾಪಾರಿಗೆ ಒಪ್ಪಿಸಿ ಮುಂಗಡ ತರುವ ಏರ್ಪಾಟು ಮಾಡಿಕೊಂಡ. ಮುಂಗಡ ತೆಗೆದುಕೊಂಡವನಿಗೆ ರೇಟು ಕೇಳುವ ಬಾಯಿ ಇರುವುದಿಲ್ಲ. ಬೆಳೆ ಸಾಲದ ಬಾಕಿ ಎಷ್ಟಿದೆ ಅಂತ ಕೇಳಲು ನಮ್ಮ ಸಂಘಕ್ಕೆ ಬಂದಾಗಲೇ ನನಗೆ ವಿಷಯ ಗೊತ್ತಾಗಿದ್ದು.

“ಕಾರ್ಡ್ ತೋರಿಸಿದ್ಯಾ?” ಅಂತ ಕೇಳಿದೆ.

“ಯಾವ ಕಾರ್ಡು ಅಕ್ಕಾ?”

ಎಷ್ಟೋ ಮನೆಗಳಲ್ಲಿ ಎಡವುವ ಜಾಗ ಇದು, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಮನೆಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರದ) 30 ಶೇಕಡಾವನ್ನು ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದದ್ದು ರೋಗಿಯ ಕೈಯಿಂದ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದರೆ ಅವರೇ ರೆಫರಲ್ ಬರೆದುಕೊಡುತ್ತಾರೆ, ಆಗ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೂ ಹೋಗಬಹುದು. ಇದು ಕ್ಯಾಶ್‌ಲೆಸ್ ಯೋಜನೆ. ಮೊದಲು ದುಡ್ಡು ಕಟ್ಟಿ, ಆಮೇಲೆ ಬಿಲ್ ತೋರಿಸಿ ವಾಪಸ್ ಪಡೆಯುತ್ತೇನೆ ಅಂದರೆ ಆಗುವುದಿಲ್ಲ. ಅಂದರೆ ಚಿಕ್ಕ ಮಗ ಆ ಮುಂಗಡ ಕಟ್ಟಿ ದಾಖಲು ಮಾಡಿದ್ದಿದ್ದರೆ ಯೋಜನೆಯ ಬಾಗಿಲು ಅಲ್ಲೇ ಮುಚ್ಚುತ್ತಿತ್ತು.

ಈ ಮನೆಗೆ ಇನ್ನೊಂದು ತೊಡಕಿತ್ತು. ಚಿಕ್ಕ ಮಗ ಪಿಕಪ್ ಗಾಡಿಯ ಸಾಲಕ್ಕೆ ಅಂತ ಐಟಿ ರಿಟರ್ನ್ ಹಾಕಿದ್ದ, ತೆರಿಗೆ ಅಂತ ಒಂದು ರೂಪಾಯಿ ಕಟ್ಟಿರಲಿಲ್ಲ. 2024ರ ಕೊನೆಯಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ಪರಿಶೀಲನೆ ನಡೆದಾಗ ಇವರ ಕಾರ್ಡು ಎಪಿಎಲ್ ಆಯಿತು. ಅಕ್ಕಿ ನಿಂತದ್ದು ಮನೆಯವರಿಗೆ ಗೊತ್ತಿತ್ತು. ಅಕ್ಕಿಯ ಜೊತೆ ಆಸ್ಪತ್ರೆಯ ಲೆಕ್ಕವೂ ಬದಲಾಗುತ್ತದೆ ಅನ್ನುವುದು ಗೊತ್ತಿರಲಿಲ್ಲ. ಮತ್ತೆ ಬಿಪಿಎಲ್‌ಗೆ ಸೇರಿಸಲು ಅದೇ ವಾರ ಅರ್ಜಿ ಹಾಕಿಸಿದೆ. ಆದರೆ ಕಾರ್ಡು ಬರಲಿ ಅಂತ ಆಪರೇಷನ್ ಮುಂದೂಡುವಂತಿರಲಿಲ್ಲ.

ಯಶಸ್ವಿನಿ? ಅದೂ ಇರಲಿಲ್ಲ. ಸಹಕಾರ ಸಂಘದ ಸದಸ್ಯರಿಗೆ ಇರುವ ಈ ಯೋಜನೆ ನಡುವೆ ನಿಂತುಹೋಗಿ 2023ರ ಆರಂಭದಿಂದ ಮತ್ತೆ ಜಾರಿಗೆ ಬಂತು. ಹಳ್ಳಿಯ ಸದಸ್ಯರಿಗೆ ನಾಲ್ಕು ಜನರವರೆಗಿನ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100. ಮಿತಿ 5 ಲಕ್ಷ. ಮೊದಲ ವರ್ಷ ಇವರು ಕಟ್ಟಿದ್ದರು. ಯಾರಿಗೂ ಏನೂ ಆಗಲಿಲ್ಲ, ಸುಮ್ನೆ 500 ರೂಪಾಯಿ ದಂಡ ಅಂತ ಮುಂದೆ ಕಟ್ಟಲಿಲ್ಲ. ನೋಂದಣಿಗೆ ವರ್ಷದಲ್ಲಿ ಕೆಲವೇ ತಿಂಗಳು ಅವಕಾಶ. ಕಾಯಿಲೆ ಬಂದ ಮೇಲೆ ಓಡಿ ಬಂದರೆ ನಾನೇನು ಮಾಡಲಿ? ಪ್ರತಿ ವರ್ಷ ಇಂಥವರು ಬರುತ್ತಾರೆ, ಪ್ರತಿ ವರ್ಷ ನನಗೆ ಹೊಟ್ಟೆ ಉರಿಯುತ್ತದೆ. ಇದ್ದವರೂ ಅಷ್ಟೇ, ಆ ಆಪರೇಷನ್ ಪಟ್ಟಿಯಲ್ಲಿದೆಯಾ, ಆ ಆಸ್ಪತ್ರೆ ಪಟ್ಟಿಯಲ್ಲಿದೆಯಾ ಅಂತ ದಾಖಲಾಗುವ ಮುಂಚೆ ಕೇಳಿಕೊಳ್ಳಬೇಕು.

ದೊಡ್ಡ ಮಗ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಅವನ ಕಡೆಯಿಂದ ನೌಕರರ ವಿಮೆಯಾದ ಇಎಸ್‌ಐ ಆಗುತ್ತಾ ಅಂತ ಕೇಳಿದೆವು. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿರುವ ನೌಕರನಿಗೆ ಇಎಸ್‌ಐ ಇದ್ದರೆ, ಅವನನ್ನೇ ನಂಬಿದ ತಂದೆತಾಯಿಯೂ ಅದರಲ್ಲಿ ಸೇರುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಇವನ ಸಂಬಳ ಮಿತಿ ದಾಟಿತ್ತು.

ಕಾಫಿ ಮಾರುವ ವಿಚಾರಕ್ಕೆ ನಾನು ಗಟ್ಟಿಯಾಗಿ ಬೇಡ ಅಂದೆ. ಕಾಫಿ ದುಡ್ಡಿನಲ್ಲಿ ಬೆಳೆ ಸಾಲ ತೀರಿಸಬೇಕಿತ್ತು. ಸಂಘದ ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ಕಟ್ಟಿದ ಮೇಲೆ ಮತ್ತೆ ಸಾಲ ಪಡೆಯಬಹುದು. ಗಡುವು ತಪ್ಪಿತು ಅಂದರೆ ಬಡ್ಡಿಯೂ ಬಿತ್ತು, ಮುಂದಿನ ವರ್ಷದ ಗೊಬ್ಬರಕ್ಕೂ ಕೈ ಖಾಲಿ. ಆಸ್ಪತ್ರೆಯ ಖರ್ಚಿಗೆ ಬೆಳೆಯ ದುಡ್ಡು ಮುಟ್ಟಿದ ಮನೆಗಳು ಎರಡು ಮೂರು ವರ್ಷ ಏಳುವುದಿಲ್ಲ. ನಾನು ಲೆಕ್ಕದ ಪುಸ್ತಕದಲ್ಲಿ ನೋಡಿದ್ದೇನೆ.

ಊರು ಆರಿಸಿದ್ದು

ಕೊಡಗಿನಲ್ಲಿ ಕ್ಯಾನ್ಸರಿಗೇ ಮೀಸಲಾದ ದೊಡ್ಡ ಆಸ್ಪತ್ರೆ ಇಲ್ಲ, ರೈಲೂ ಇಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು 140ರ ಆಸುಪಾಸು, ಬೆಂಗಳೂರು 260ರ ಹತ್ತಿರ. ಮಂಗಳೂರಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಆದರೆ ಕ್ಯಾನ್ಸರ್ ಚಿಕಿತ್ಸೆ ಒಂದು ಸಲ ಹೋಗಿ ಬಂದರೆ ಮುಗಿಯುವಂಥದ್ದಲ್ಲ, ಮಳೆಗಾಲದಲ್ಲೂ ಹೋಗಬೇಕಾಗುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರಿಗೆ ಹೋಗುವ ಸಂಪಾಜೆ ಘಾಟಿ ಮುಚ್ಚಿದ್ದನ್ನು ಮಾದಾಪುರ ಕಡೆಯವರು ಮರೆತಿಲ್ಲ. ನಮ್ಮ ಕಡೆಯ ಮನೆಗಳೂ ಆ ಮಳೆಯಲ್ಲಿ ಹೋದವು. ಕುಶಾಲನಗರದ ಮೇಲೆ ಮೈಸೂರು, ಬೆಂಗಳೂರಿಗೆ ಹೋಗುವ ದಾರಿಯೇ ಅವರಿಗೆ ಸರಿ ಅನ್ನಿಸಿತು.

ಮೈಸೂರು ಹತ್ತಿರ. ಕೆ.ಆರ್. ಆಸ್ಪತ್ರೆ ಇದೆ, ಯೋಜನೆಗೆ ಸೇರಿದ ಖಾಸಗಿಯವೂ ಇವೆ. ಆದರೂ ಅವರು ಬೆಂಗಳೂರಿನ ಕಿದ್ವಾಯಿ ಆರಿಸಿಕೊಂಡರು. 1973ರಲ್ಲಿ ಶುರುವಾದ, ಕ್ಯಾನ್ಸರಿಗೇ ಇರುವ ಸರ್ಕಾರಿ ಸಂಸ್ಥೆ ಅದು, ದರ ಕಡಿಮೆ. ಆವರಣದಲ್ಲೇ ಧರ್ಮಶಾಲೆಯೂ ಇದೆ. ದೊಡ್ಡ ಮಗನ ಬಾಡಿಗೆ ಮನೆ ಬೊಮ್ಮನಹಳ್ಳಿಯಲ್ಲಿ, ಹೊಸೂರು ರಸ್ತೆಯಲ್ಲಿ ಅಲ್ಲಿಂದ ದೂರವಿಲ್ಲ. ನನ್ನ ಅನಿಸಿಕೆ ಕೇಳಿದರೆ, ಇದು ಸರಿಯಾದ ತೀರ್ಮಾನ. ಎರಡು ಆಸ್ಪತ್ರೆಯೂ ಚೆನ್ನಾಗಿದ್ದರೆ, ರೋಗಿಯ ಜೊತೆಗಿರುವವರಿಗೆ ಮಲಗಲು ಜಾಗ ಮತ್ತು ಒಂದು ಹೊತ್ತಿನ ಅನ್ನ ಇರುವ ಊರನ್ನೇ ಆರಿಸಬೇಕು.

ಮೊದಲ ಭೇಟಿಯಲ್ಲೇ ಒಂದು ತಡೆ ಬಂತು. ರಿಪೋರ್ಟ್ ಹಾಳೆ ಸಾಲದು, ಸ್ಲೈಡ್ ಮತ್ತು ಬ್ಲಾಕ್ ತನ್ನಿ ಅಂದರು. ತೆಗೆದ ತುಂಡನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದು ಬ್ಲಾಕ್. ಅದರಿಂದ ತೆಳುವಾಗಿ ಕತ್ತರಿಸಿ ಗಾಜಿನ ಮೇಲೆ ಇಟ್ಟದ್ದು ಸ್ಲೈಡ್. ದೊಡ್ಡ ಆಸ್ಪತ್ರೆಗಳು ತಮ್ಮ ಪೆಥಾಲಜಿಯವರ ಕೈಯಲ್ಲಿ ಮತ್ತೊಮ್ಮೆ ನೋಡಿಸಿಯೇ ಚಿಕಿತ್ಸೆ ಶುರು ಮಾಡುತ್ತವೆ. ಚಿಕ್ಕ ಮಗ ರಾತ್ರಿ ಬಸ್ಸಿಗೆ ಮಡಿಕೇರಿಗೆ ಬಂದು, ಪೆಥಾಲಜಿ ವಿಭಾಗದಲ್ಲಿ ಅರ್ಜಿ ಬರೆದುಕೊಟ್ಟು, ತೆಗೆದುಕೊಂಡು ಹೋದ. ಆಸ್ಪತ್ರೆ ಬದಲಿಸುವವರು ರಿಪೋರ್ಟ್ ಜೊತೆಗೇ ಇವೆರಡನ್ನೂ ಕೇಳಿ ತೆಗೆದುಕೊಂಡರೆ ಒಂದು ದೊಡ್ಡ ಓಡಾಟ ಉಳಿಯುತ್ತದೆ. ಬಿಸಿಲಲ್ಲಿ ಇಡಬಾರದು, ಮೇಣ ಕರಗುತ್ತದೆ.

ಆಪರೇಷನ್

ಕಾಲಿನ ಎಕ್ಸ್‌ರೇಯಲ್ಲಿ ಮೂಳೆಗೆ ತಾಗಿದಂತೆ ಕಾಣಲಿಲ್ಲ. ತೊಡೆ ಸಂದಿಯಲ್ಲಿ ಒಂದು ಗಂಟಿತ್ತು, ಅದು ಹರಡಿದ್ದೇ ಅಂತ ಮನೆಯವರು ಹೆದರಿದ್ದರು. ಸೂಜಿ ಹಾಕಿ ನೋಡಿದಾಗ ಕ್ಯಾನ್ಸರ್ ಕಣ ಸಿಗಲಿಲ್ಲ. ಕೀವಿನ ಗಾಯ ಇದ್ದರೂ ಆ ಜಾಗದ ಗಂಟು ಊದುತ್ತದೆ. ಹುಣ್ಣನ್ನು ಸುತ್ತಲಿನ ಚೆನ್ನಾಗಿರುವ ಚರ್ಮ ಸೇರಿಸಿ ಅಗಲವಾಗಿ ತೆಗೆದು, ತೊಡೆಯಿಂದ ತೆಳುವಾದ ಚರ್ಮ ತೆಗೆದು ಮುಚ್ಚಿದರು. ತೆಗೆದದ್ದರ ರಿಪೋರ್ಟಿನಲ್ಲಿ ಅಂಚುಗಳಲ್ಲಿ ಕ್ಯಾನ್ಸರ್ ಉಳಿದಿಲ್ಲ ಅಂತ ಬಂತು. ಹಾಗಾಗಿ ಕರೆಂಟ್ (ರೇಡಿಯೇಷನ್) ಕೊಡುವ ಅಗತ್ಯ ಬೀಳಲಿಲ್ಲ. ಮೂಳೆಗೆ ಇಳಿದಿದ್ದರೆ ಕಾಲೇ ತೆಗೆಯಬೇಕಾಗುತ್ತಿತ್ತು ಅಂತ ಡಾಕ್ಟರ್ ಮಗನಿಗೆ ಹೇಳಿದ್ದರಂತೆ. ಅದನ್ನು ದೊಡ್ಡಮ್ಮನಿಗೆ ಯಾರೂ ಹೇಳಿಲ್ಲ.

ಲೆಕ್ಕ

ಎಪಿಎಲ್ ಕಾರ್ಡಿನ ಮೇಲೆ ಪ್ಯಾಕೇಜಿನ 30 ಶೇಕಡಾ ಸರ್ಕಾರದಿಂದ ಬಂತು. ಮನೆಯವರ ಕೈಯಿಂದ ಒಟ್ಟು ಹೋದದ್ದು 70 ಸಾವಿರದ ಆಸುಪಾಸು. ಇದರಲ್ಲಿ ಆಸ್ಪತ್ರೆಗೆ ಕಟ್ಟಿದ್ದು ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದು ಎಲ್ಲಿ ಹೋಯಿತು ಅಂತ ನಾನು ಕೂತು ಬರೆಸಿದೆ. ಆಪರೇಷನ್ ಆದ ಮೇಲೆ ಕಾಲು ಚಾಚಿಕೊಂಡೇ ಬರಬೇಕಿತ್ತು, ಅದಕ್ಕೆ ಬೆಂಗಳೂರಿನಿಂದ ಬಾಡಿಗೆ ಕಾರು. ಹೊರಗೆ ಮಾಡಿಸಿದ ಸ್ಕ್ಯಾನ್. ಗಾಯಕ್ಕೆ ಅಂಟದ ಮೆಡಿಕೇಟೆಡ್ ಡ್ರೆಸ್ಸಿಂಗ್ ಬಟ್ಟೆ, ಇದು ತಿಂಗಳುಗಟ್ಟಲೆ ಬೇಕಾಯಿತು. ಚಿಕ್ಕ ಮಗ ಇಲ್ಲದ ದಿನಗಳಿಗೆ ಕೊಯ್ಲಿಗೆ ಹಾಕಿದ ಆಳಿನ ಕೂಲಿ. ಯಾವ ಕಾರ್ಡೂ ಇವಕ್ಕೆ ದುಡ್ಡು ಕೊಡುವುದಿಲ್ಲ. ಬಿಪಿಎಲ್ ಇದ್ದಿದ್ದರೂ ಈ ಖರ್ಚು ಇದ್ದೇ ಇರುತ್ತಿತ್ತು.

ಹೋಗುವಾಗ ಒಂದು ಅನುಕೂಲ ಆಯಿತು. 2023ರ ಜೂನಿನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದೊಡ್ಡಮ್ಮನಿಗೆ, ಜೊತೆಗೆ ಹೋದ ಸೊಸೆಗೆ ಟಿಕೆಟ್ ದುಡ್ಡಿಲ್ಲ. ಮೈಸೂರಿನಿಂದ ಮುಂದೆ ರೈಲಿನಲ್ಲಿ ಹೋಗುವವರಿಗೆ, ಕ್ಯಾನ್ಸರ್ ರೋಗಿಗೆ ಮತ್ತು ಜೊತೆಗಿರುವ ಒಬ್ಬರಿಗೆ ರಿಯಾಯಿತಿ ಇದೆ. ಆಸ್ಪತ್ರೆಯಿಂದ ಅದರ ಫಾರಂಗೆ ಸಹಿ ಹಾಕಿಸಿಕೊಳ್ಳಬೇಕು.

70 ಸಾವಿರ ಹೊಂದಿಸಿದ್ದು ಹೀಗೆ: ಅಟ್ಟದಲ್ಲಿ ಹಿಂದಿನ ವರ್ಷದ ಒಂದು ಮೂಟೆ ಮೆಣಸಿತ್ತು. ಆಗ ಕಿಲೋಗೆ 600 ರೂಪಾಯಿ ಮೇಲೆ ನಡೆಯುತ್ತಿತ್ತು, ಅದನ್ನು ಮಾರಿದರು. ದೊಡ್ಡ ಮಗ ಸ್ವಲ್ಪ ಹಾಕಿದ. ಮಿಕ್ಕದ್ದಕ್ಕೆ ಸೊಸೆಯ ಬಳೆ ಇಟ್ಟು ಸಂಘದಲ್ಲಿ ಚಿನ್ನದ ಸಾಲ. ಕಾಫಿ ಕಣದಲ್ಲೇ ಪೂರ್ತಿ ಒಣಗಿ, ಆಮೇಲೆ ಮಾರಾಟವಾಗಿ, ಗಡುವಿನೊಳಗೆ ಬೆಳೆ ಸಾಲ ತೀರಿತು. ಬಳೆಯ ಸಾಲ ಇನ್ನೂ ಸ್ವಲ್ಪ ಇದೆ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿಸಿದ್ದೇವೆ. ಆಸ್ಪತ್ರೆಯ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಆಧಾರ್, ಬ್ಯಾಂಕ್ ಪುಸ್ತಕ ಎಲ್ಲದರ ಜೆರಾಕ್ಸ್ ಒಂದು ಸೆಟ್ ನನ್ನ ಬೀರುವಿನಲ್ಲೂ ಇದೆ. ಒರಿಜಿನಲ್ ಬಿಲ್ಲನ್ನು ಜೆರಾಕ್ಸ್ ಇಟ್ಟುಕೊಳ್ಳದೆ ಯಾವ ಕಚೇರಿಗೂ ಕೊಡಬೇಡಿ. ಮಂಜೂರಾಗಿ ಬಂದರೆ ಬಳೆ ಬಿಡಿಸಿಕೊಳ್ಳುತ್ತಾರೆ.

ಈಗ

ಬಿಪಿಎಲ್ ಕಾರ್ಡು ಆಪರೇಷನ್ ಆದ ಮೇಲೆ ವಾಪಸ್ ಬಂತು. ಮುಂದೆ ಏನಾದರೂ ಬೇಕಾದರೆ 5 ಲಕ್ಷದ ಲೆಕ್ಕದಲ್ಲಿ ನಡೆಯುತ್ತದೆ. ಯಶಸ್ವಿನಿ ನೋಂದಣಿ ತೆರೆದ ದಿನವೇ ಚಿಕ್ಕ ಮಗ ಬಂದು ದುಡ್ಡು ಕಟ್ಟಿದ.

ಮೊದಲ ಎರಡು ವರ್ಷ ಎರಡು ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಇಂಥ ಕ್ಯಾನ್ಸರ್ ಮತ್ತೆ ಬರುವುದಿದ್ದರೆ ಹೆಚ್ಚಾಗಿ ಈ ಸಮಯದಲ್ಲೇ, ಅದೇ ಜಾಗದಲ್ಲಿ ಅಥವಾ ತೊಡೆ ಸಂದಿಯಲ್ಲಿ. ಎಲ್ಲ ಸಲವೂ ಬೆಂಗಳೂರಿಗೆ ಹೋಗುವುದು ಬೇಡ, ನಡುವಿನ ತಪಾಸಣೆ ಮಡಿಕೇರಿಯಲ್ಲೇ ಮಾಡಿಸಿ ಅಂತ ಕಿದ್ವಾಯಿಯ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಆ ಚೀಟಿ ಕೇಳಿ ಪಡೆದದ್ದು ಸೊಸೆ. ಡಿಸ್ಚಾರ್ಜ್ ದಿನ “ಸಾರ್, ಹತ್ತಿರದಲ್ಲೇ ತೋರಿಸಬಹುದಾ?” ಅಂತ ಬಾಯಿಬಿಟ್ಟು ಕೇಳಿದ್ದಕ್ಕೆ ಸಿಕ್ಕಿತು.

ಹೊಸ ಚರ್ಮ ತೆಳು, ಅದಕ್ಕೆ ಎಣ್ಣೆ ಸವರಬೇಕು, ಪೆಟ್ಟಾಗದಂತೆ ನೋಡಿಕೊಳ್ಳಬೇಕು. ದೊಡ್ಡಮ್ಮ ತೋಟಕ್ಕೆ ಇಳಿಯುವುದನ್ನು ಬಿಟ್ಟಿಲ್ಲ. ಮೊಣಕಾಲಿನವರೆಗೆ ಹತ್ತಿಯ ಉದ್ದ ಕಾಲುಚೀಲ ಹಾಕಿ, ಅದರ ಮೇಲೆ ಗಂಬೂಟು ಹಾಕಿಕೊಂಡು ಹೋಗುತ್ತಾರೆ. ಮುಂದಿನ ತಪಾಸಣೆ ಕೊಯ್ಲಿನ ನಡುವೆಯೇ ಬೀಳುತ್ತದೆ. ಆ ದಿನಕ್ಕೆ ಆಳನ್ನು ಈಗಲೇ ಹೇಳಿಟ್ಟಿದ್ದಾರೆ.